ಎಲ್ಲರ ಪಾಸ್‌ವರ್ಡ್, ಯಾರ ಹೊಣೆ? ಲಿನಕ್ಸ್‌ನಲ್ಲಿ ಬಳಕೆದಾರರು ಮತ್ತು ಗುಂಪುಗಳು



ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ, ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಸೆಕೆಂಡ್ ಹ್ಯಾಂಡ್ ಡಬ್ಬ. ಉಬುಂಟು ಹಾಕಿದ್ದೇವೆ. ಈ ಪತ್ರಿಕೆಯ ಲೇಖನಗಳು, ಚಿತ್ರಗಳು, ನಾಟಕದ ಸ್ಕ್ರಿಪ್ಟ್‌ಗಳು, ಲೆಕ್ಕದ ಶೀಟು, ಎಲ್ಲ ಅದರಲ್ಲೇ. ಕಳೆದ ವರ್ಷದವರೆಗೆ ಅದರಲ್ಲಿ ಇದ್ದದ್ದು ಒಂದೇ ಖಾತೆ. ಪಾಸ್‌ವರ್ಡ್ ಸಂಘದ ಎಲ್ಲರಿಗೂ ಗೊತ್ತಿತ್ತು. ಪಾಸ್ ಆಗಿ ಕೆಲಸಕ್ಕೆ ಸೇರಿದ ಸೀನಿಯರ್‌ಗಳಿಗೂ ಗೊತ್ತಿತ್ತು. ‘ನಾವೆಲ್ಲ ಒಂದೇ ಮನೆಯವರು, ಬೇರೆ ಬೇರೆ ಅಕೌಂಟ್ ಯಾಕೆ?’ ಅಂತ ಇದ್ವಿ.

ಆ ಮಾತು ತಪ್ಪು ಅಂತ ಗೊತ್ತಾಗೋಕೆ ನಮಗೆ ಒಂದು ಸಂಚಿಕೆ ಬಲಿಯಾಗಬೇಕಾಯಿತು. ಅದಕ್ಕಿಂತ ಹೆಚ್ಚಾಗಿ, ಒಬ್ಬ ಹುಡುಗನ ಮನಸ್ಸು ನೋಯಬೇಕಾಯಿತು. ಈ ಸಲದ ಪಾಠ ಅದರಿಂದ ಹುಟ್ಟಿದ್ದು.

ಒಂದು ಸೂಚನೆ: ಇಲ್ಲಿ ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹೊಡೀಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇವೆ.

ಏನಾಯಿತು

ಅಕ್ಟೋಬರ್ ಮಧ್ಯ. ರಾಜ್ಯೋತ್ಸವ ವಿಶೇಷ ಸಂಚಿಕೆಯ ಹನ್ನೊಂದು ಬರಹಗಳು ತಯಾರಾಗಿದ್ದವು. ಶನಿವಾರ ಸಂಜೆ ಎರಡನೇ ವರ್ಷದ ಹುಡುಗನೊಬ್ಬ ಕೂತು ಕರಡು ತಿದ್ದುತ್ತಿದ್ದ. ಕೊನೆಗೆ ಕೋಣೆಗೆ ಬೀಗ ಹಾಕಿದವನೂ ಅವನೇ. ಸೋಮವಾರ ಬಂದು ನೋಡಿದರೆ ಫೋಲ್ಡರ್ ಇಲ್ಲ. ಆ ಫೋಲ್ಡರ್ ಮಾತ್ರ ಅಲ್ಲ, ಖಾತೆಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಯಾವುದೂ ಇಲ್ಲ.

‘ಲಾಸ್ಟ್’ ಅಂತ ಆಜ್ಞೆ ಕೊಟ್ಟರೆ ಯಾರು ಯಾವಾಗ ಲಾಗಿನ್ ಆದರು ಅಂತ ಪಟ್ಟಿ ಬರುತ್ತೆ. ನಮ್ಮ ಪಟ್ಟಿಯಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು, ಸಂಘದ ಹೆಸರು. ಕಂಪ್ಯೂಟರ್‌ಗೆ ನಾವೆಲ್ಲ ಒಬ್ಬರೇ. ಆದರೆ ಕೊನೆಗೆ ಕೂತವನು ಯಾರು ಅಂತ ನಮಗೆ ಗೊತ್ತಿತ್ತಲ್ಲ. ಮುಖಕ್ಕೆ ಯಾರೂ ಏನೂ ಅನ್ನಲಿಲ್ಲ. ಪಾಸ್‌ವರ್ಡ್ ಬದಲಾಯಿಸಿದೆವು, ಅವನಿಗೆ ಹೇಳಲಿಲ್ಲ, ಅಷ್ಟೇ. ಅವನು ಎರಡು ಸಲ ಬಂದು ನೋಡಿದ. ಆಮೇಲೆ ಬರೋದನ್ನೇ ನಿಲ್ಲಿಸಿದ. ಮೇಲ್‌ಗಳಿಂದ ಏಳು ಬರಹ ಹುಡುಕಿ ತೆಗೆದೆವು, ನಾಲ್ಕನ್ನು ಬರೆದವರಿಂದಲೇ ಮತ್ತೆ ಬರೆಸಿದೆವು. ಸಂಚಿಕೆ ತಡವಾಗಿ ಬಂತು.

ಜನವರಿಯಲ್ಲಿ ಡಿಸ್ಕ್ ಬದಲಾಯಿಸುವಾಗ ನಿಜ ಸಂಗತಿ ಸಿಕ್ಕಿತು. ಹಿಂದೆ ಯಾವಾಗಲೋ ನಾವೇ ಒಂದು ಸ್ಕ್ರಿಪ್ಟ್ ಬರೆದು, ಪ್ರತಿ ಭಾನುವಾರ ಬೆಳಗ್ಗೆ ಓಡುವ ಹಾಗೆ ಕ್ರಾನ್‌ನಲ್ಲಿ ಹಾಕಿ, ಮರೆತುಬಿಟ್ಟಿದ್ದೆವು. ಅದರಲ್ಲಿದ್ದದ್ದು ಎರಡೇ ಸಾಲು:

ಸಿಡಿ ಡೌನ್‌ಲೋಡ್ಸ್
ಆರ್‌ಎಂ -ಆರ್‌ಎಫ್ *

ಡೌನ್‌ಲೋಡ್ಸ್ ಫೋಲ್ಡರ್‌ಗೆ ಹೋಗು, ಅಲ್ಲಿರುವುದನ್ನೆಲ್ಲ ಅಳಿಸು. ಸರಿಯಾಗೇ ನಡೀತಿತ್ತು. ಆದರೆ ಆ ಶುಕ್ರವಾರ, ರಾಜ್ಯೋತ್ಸವದ ಉತ್ಸಾಹದಲ್ಲಿ ನಾವು ಕಂಪ್ಯೂಟರಿನ ಭಾಷೆಯನ್ನೇ ಕನ್ನಡಕ್ಕೆ ಬದಲಾಯಿಸಿದ್ದೆವು. ಮತ್ತೆ ಲಾಗಿನ್ ಆದಾಗ, ಫೋಲ್ಡರ್‌ಗಳ ಹೆಸರನ್ನೂ ಹೊಸ ಭಾಷೆಗೆ ಬದಲಿಸಲೇ ಅಂತ ಅದು ಕೇಳಿತ್ತು. ಹೂಂ ಅಂದಿದ್ದೆವು. ಖಾಲಿಯಿದ್ದ ಹಳೇ ಡೌನ್‌ಲೋಡ್ಸ್ ಮಾಯವಾಗಿ ಅದರ ಜಾಗಕ್ಕೆ ಕನ್ನಡ ಹೆಸರಿನ ಫೋಲ್ಡರ್ ಬಂದಿತ್ತು. ಭಾನುವಾರ ಸ್ಕ್ರಿಪ್ಟ್ ಎದ್ದಾಗ ಡೌನ್‌ಲೋಡ್ಸ್ ಸಿಗಲಿಲ್ಲ, ಮೊದಲ ಸಾಲು ವಿಫಲವಾಯಿತು. ಎರಡನೇ ಸಾಲು ಅದನ್ನು ಕೇಳಲೇ ಇಲ್ಲ. ನಿಂತಲ್ಲೇ, ಅಂದರೆ ಖಾತೆಯ ಮನೆಯಂಗಳದಲ್ಲೇ, ಎಲ್ಲ ಗುಡಿಸಿ ಹಾಕಿತು.

ಎರಡು ಸಾಲಿನ ನಡುವೆ ಎರಡು ಆಂಪರ್ಸಂಡ್ ಹಾಕಿದ್ದರೆ ಮೊದಲನೆಯದು ಸರಿಹೋದರೆ ಮಾತ್ರ ಎರಡನೆಯದು ಓಡುತ್ತಿತ್ತು. ಅದು ಸಣ್ಣ ಪಾಠ. ದೊಡ್ಡ ಪಾಠ ಬೇರೆ. ಎಲ್ಲರ ಕೆಲಸವೂ ಒಂದೇ ಖಾತೆಯಲ್ಲಿ ಇದ್ದದ್ದರಿಂದ ಒಂದು ತಪ್ಪಿಗೆ ಎಲ್ಲ ಹೋಯಿತು. ಎಲ್ಲರ ಹೆಸರೂ ಒಂದೇ ಆಗಿದ್ದರಿಂದ ತಪ್ಪು ಯಾರದ್ದು ಅಂತಲೂ ಗೊತ್ತಾಗಲಿಲ್ಲ. ತಪ್ಪು ಮಾಡದವನು ‘ನಾನಲ್ಲ’ ಅಂತ ತೋರಿಸಿಕೊಳ್ಳಲೂ ಅವನಿಗೆ ದಾರಿ ಇರಲಿಲ್ಲ.

ಇದು ಹೊಸ ಕಥೆಯೇನಲ್ಲ. 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆ ಇತ್ತು. ಒಂದೇ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ಮೊದಮೊದಲ ವ್ಯವಸ್ಥೆಗಳಲ್ಲಿ ಅದೂ ಒಂದು. ಒಬ್ಬೊಬ್ಬರಿಗೂ ಒಂದೊಂದು ಡೈರೆಕ್ಟರಿ ಅನ್ನೋ ಲೆಕ್ಕದಲ್ಲಿ ಅದರ ಎಡಿಟರ್ ಬರೆದಿದ್ದರು, ಹಾಗಾಗಿ ಅದರ ತಾತ್ಕಾಲಿಕ ಫೈಲಿಗೆ ಯಾವಾಗಲೂ ಒಂದೇ ಹೆಸರು. ಆದರೆ ವ್ಯವಸ್ಥೆ ನೋಡಿಕೊಳ್ಳುವವರು ಮಾತ್ರ ಅನುಕೂಲಕ್ಕೆ ಅಂತ ಒಂದೇ ಡೈರೆಕ್ಟರಿ ಹಂಚಿಕೊಂಡಿದ್ದರು. ಒಂದು ದಿನ ಒಬ್ಬರು ಸ್ವಾಗತದ ಸಂದೇಶ ತಿದ್ದುತ್ತಿದ್ದಾಗಲೇ ಇನ್ನೊಬ್ಬರು ಪಾಸ್‌ವರ್ಡ್ ಕಡತ ತಿದ್ದಿದರು. ಎರಡೂ ಅದಲು ಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಸ್ವಾಗತ ಕೋರಿತು!

ಪೇಟೆಯಲ್ಲಿ ಸಿಕ್ಕ ಉತ್ತರ

ನಾವು ಆ ಹುಡುಗನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆವು. ‘ಪರವಾಗಿಲ್ಲ ಬಿಡಿ ಅಕ್ಕ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಈ ಸಲ ನನಗೇ ಅಂತ ಒಂದು ಅಕೌಂಟ್ ಮಾಡಿಕೊಡಿ’ ಅಂದ. ಬ್ಯಾಕಪ್‌ಗೆ ಇನ್ನೊಂದು ಡಿಸ್ಕ್ ತರಬೇಕಿತ್ತು. ಅವನ ಮನೆ ಚಿಕ್ಕಪೇಟೆ ಹತ್ತಿರವೇ. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದು, ಅವನ ಹಿಂದೆ ಗಲ್ಲಿ ಗಲ್ಲಿ ದಾಟಿ ಎಸ್.ಪಿ. ರಸ್ತೆಗೆ ನಡೆದೆವು.

ದಾರಿಯುದ್ದಕ್ಕೂ ಬೋರ್ಡುಗಳು: ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನ ಹೊಟ್ಟೆಭಾಗ ಇದು. ಈಗಿನ ಅವೆನ್ಯೂ ರಸ್ತೆ ಆಗಿನ ದೊಡ್ಡಪೇಟೆ. ಗಮನಿಸಿ, ಈ ಪೇಟೆಗಳಿಗೆ ಹೆಸರು ಬಂದದ್ದು ಅಲ್ಲಿದ್ದ ಒಬ್ಬ ವ್ಯಾಪಾರಿಯಿಂದಲ್ಲ, ಅಲ್ಲಿ ನಡೆಯುವ ಕಸುಬಿನಿಂದ. ವ್ಯಾಪಾರಿ ಬಂದ, ಹೋದ. ಅಂಗಡಿ ಮಗನಿಗೆ ಹೋಯಿತು, ಇನ್ನೊಬ್ಬನಿಗೆ ಹೋಯಿತು. ಪೇಟೆ ಮಾತ್ರ ಉಳಿಯಿತು.

ಲಿನಕ್ಸ್‌ನಲ್ಲಿ ಬಳಕೆದಾರ ಅಂದರೆ ವ್ಯಾಪಾರಿ, ಗುಂಪು ಅಂದರೆ ಪೇಟೆ. ಖಾತೆ ಮನುಷ್ಯನಿಗೆ, ಅನುಮತಿ ಕೆಲಸಕ್ಕೆ. ಈ ಒಂದು ಸಾಲು ನೆನಪಿದ್ದರೆ ಮುಂದಿನ ಆಜ್ಞೆಗಳೆಲ್ಲ ತಾನಾಗೇ ಅರ್ಥವಾಗುತ್ತವೆ.

ಮೂರು ಕಡತಗಳು

ಮೊದಲು ಟರ್ಮಿನಲ್ ತೆಗೆದು ‘ಐಡಿ’ ಅಂತ ಹೊಡೀರಿ. ನಿಮ್ಮ ಹೆಸರು, ನಿಮ್ಮ ಸಂಖ್ಯೆ, ನೀವಿರುವ ಗುಂಪುಗಳು ಕಾಣುತ್ತವೆ. ಸಂಖ್ಯೆ ಮುಖ್ಯ. ಕಂಪ್ಯೂಟರ್ ನಿಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ರೂಟ್‌ನ ಸಂಖ್ಯೆ 0. ಉಬುಂಟುವಿನಲ್ಲಿ ನಮ್ಮಂಥ ಸಾಮಾನ್ಯರ ಸಂಖ್ಯೆ 1000ದಿಂದ ಶುರು.

ಈ ಮಾಹಿತಿ ‘ಇಟಿಸಿ’ ಡೈರೆಕ್ಟರಿಯ ಮೂರು ಕಡತಗಳಲ್ಲಿ ಇರುತ್ತೆ.

1. ಪಾಸ್‌ಡಬ್ಲ್ಯೂಡಿ (‘ಪಾಸ್‌ವರ್ಡ್’ ಪದದ ಸ್ಪೆಲ್ಲಿಂಗ್‌ನಲ್ಲಿ ಓ, ಆರ್ ಎರಡನ್ನೂ ಬಿಟ್ಟರೆ ಆಯಿತು). ಒಬ್ಬರಿಗೆ ಒಂದು ಸಾಲು, ಸಾಲಿನಲ್ಲಿ ಕೋಲನ್‌ಗಳಿಂದ ಬೇರೆ ಮಾಡಿದ ಏಳು ಮನೆ: ಹೆಸರು, ಪಾಸ್‌ವರ್ಡಿನ ಜಾಗದಲ್ಲಿ ಒಂದು ಎಕ್ಸ್, ಬಳಕೆದಾರ ಸಂಖ್ಯೆ, ಗುಂಪಿನ ಸಂಖ್ಯೆ, ಪೂರ್ಣ ಹೆಸರು, ಹೋಮ್ ಡೈರೆಕ್ಟರಿ, ಶೆಲ್. ಇದನ್ನು ಯಾರು ಬೇಕಾದರೂ ಓದಬಹುದು.

2. ಶ್ಯಾಡೋ. ಹಿಂದೆ ಪಾಸ್‌ವರ್ಡಿನ ಹ್ಯಾಶ್ ಮೊದಲನೇ ಕಡತದಲ್ಲೇ ಇರುತ್ತಿತ್ತು, ಅದಕ್ಕೇ ಆ ಹೆಸರು. ಎಲ್ಲರೂ ಓದಬಹುದಾದ ಕಡತದಲ್ಲಿ ಹ್ಯಾಶ್ ಇದ್ದರೆ, ಅದನ್ನು ಹೊತ್ತುಕೊಂಡು ಹೋಗಿ ನಿಧಾನವಾಗಿ ಊಹಿಸುತ್ತಾ ಕೂರಬಹುದು. ಹಾಗಾಗಿ ಅದನ್ನು ಸಾಮಾನ್ಯ ಬಳಕೆದಾರರು ಓದಲಾಗದ ಶ್ಯಾಡೋ ಕಡತಕ್ಕೆ ಸಾಗಿಸಿದರು.

3. ಗ್ರೂಪ್. ಒಂದು ಗುಂಪಿಗೆ ಒಂದು ಸಾಲು, ನಾಲ್ಕು ಮನೆ: ಹೆಸರು, ಪಾಸ್‌ವರ್ಡ್ ಜಾಗ, ಸಂಖ್ಯೆ, ಸದಸ್ಯರ ಪಟ್ಟಿ.

ಇವನ್ನು ಓದಿ ನೋಡಿ, ಆದರೆ ಎಡಿಟರ್‌ನಲ್ಲಿ ತೆಗೆದು ಕೈಯಿಂದ ತಿದ್ದಬೇಡಿ. ಒಂದು ಕೋಲನ್ ತಪ್ಪಿದರೂ ಲಾಗಿನ್ ಕೆಡಬಹುದು. ತಿದ್ದೋಕೆ ಆಜ್ಞೆಗಳಿವೆ.

ಖಾತೆ ತೆರೆಯುವುದು

ಉದಾಹರಣೆಗೆ ಪುಟ್ಟಿ, ಪುಟ್ಟ ಅನ್ನೋ ಇಬ್ಬರನ್ನು ಇಟ್ಟುಕೊಳ್ಳೋಣ.

ಸುಡೋ ಆಡ್‌ಯೂಸರ್ ಪುಟ್ಟಿ

ಇದು ಖಾತೆ ತೆರೆದು, ಅದೇ ಹೆಸರಿನ ಒಂದು ಸ್ವಂತ ಗುಂಪು ಮಾಡಿ, ಹೋಮ್ ಡೈರೆಕ್ಟರಿ ಕಟ್ಟಿ, ಪಾಸ್‌ವರ್ಡ್ ಕೇಳುತ್ತೆ. ‘ಯೂಸರ್‌ಆಡ್’ ಅಂತ ಇನ್ನೊಂದು ಆಜ್ಞೆಯೂ ಇದೆ. ಉಬುಂಟುವಿನಲ್ಲಿ ಅದು ಹೇಳಿದಷ್ಟೇ ಮಾಡುತ್ತೆ. ಹೈಫನ್ ಎಂ ಹಾಕದಿದ್ದರೆ ಹೋಮ್ ಡೈರೆಕ್ಟರಿಯನ್ನೂ ಕಟ್ಟಲ್ಲ. ಪರೀಕ್ಷೆಯಲ್ಲಿ ವ್ಯತ್ಯಾಸ ಕೇಳಿದರೆ ಇದನ್ನೇ ಬರೆಯಿರಿ.

ಲಾಗಿನ್ ಹೆಸರು ಇಂಗ್ಲಿಷಿನ ಸಣ್ಣ ಅಕ್ಷರದಲ್ಲೇ ಇರಬೇಕು, ಕನ್ನಡ ಅಕ್ಷರ ಒಪ್ಪಲ್ಲ. ಬೇಜಾರಾಗಬೇಡಿ, ಪೂರ್ಣ ಹೆಸರಿನ ಮನೆಯಲ್ಲಿ ಕನ್ನಡ ನಡೆಯುತ್ತೆ:

ಸುಡೋ ಯೂಸರ್‌ಮಾಡ್ -ಸಿ "ಪುಟ್ಟಿ" ಪುಟ್ಟಿ

ಉದ್ಧರಣ ಚಿಹ್ನೆಯೊಳಗಿನ ಪುಟ್ಟಿಯನ್ನು ಕನ್ನಡದಲ್ಲೇ ಹೊಡೀರಿ, ಕೊನೆಯದನ್ನು ಇಂಗ್ಲಿಷಿನಲ್ಲಿ. ಲಾಗಿನ್ ಪರದೆಯಲ್ಲಿ ಹೆಸರು ಕನ್ನಡದಲ್ಲಿ ಕಾಣುತ್ತೆ. ನಮ್ಮ ಕೋಣೆಯ ಡಬ್ಬ ಈಗ ಹಾಗೇ ಇದೆ.

ಪುಟ್ಟಿಯ ಮೊದಲ ಪಾಸ್‌ವರ್ಡನ್ನು ನೀವು ಇಟ್ಟಿರುತ್ತೀರಿ, ಅಂದರೆ ಅದು ನಿಮಗೂ ಗೊತ್ತು. ಅವಳು ಮೊದಲ ಸಲ ಬಂದಾಗಲೇ ಬದಲಾಯಿಸುವ ಹಾಗೆ ಮಾಡಿ:

ಸುಡೋ ಸಿಎಚ್‌ಏಜ್ -ಡಿ 0 ಪುಟ್ಟಿ

ಒಂದು ‘ಎ’ ಬಿಟ್ಟರೆ

ಈಗ ಪೇಟೆ ಕಟ್ಟೋಣ. ನಮ್ಮಲ್ಲಿ ಮೂರು ಕೆಲಸ: ಸಂಚಿಕೆ, ಚಿತ್ರ, ನಾಟಕ.

ಸುಡೋ ಗ್ರೂಪ್‌ಆಡ್ ಸಂಚಿಕೆ
ಸುಡೋ ಯೂಸರ್‌ಮಾಡ್ -ಎಜಿ ಸಂಚಿಕೆ ಪುಟ್ಟಿ

ಇಲ್ಲಿ ಎ ಸಣ್ಣದು, ಜಿ ದೊಡ್ಡದು. ದೊಡ್ಡ ಜಿ ಅಂದರೆ ‘ಈ ಬಳಕೆದಾರರ ಹೆಚ್ಚುವರಿ ಗುಂಪುಗಳು ಇವು’ ಅಂತ. ಸಣ್ಣ ಎ ಅಂದರೆ ‘ಇರುವುದಕ್ಕೆ ಸೇರಿಸು’ ಅಂತ. ಎ ಮರೆತು ಬರೀ ಜಿ ಹಾಕಿದರೆ? ಹಳೇ ಗುಂಪುಗಳಿಂದೆಲ್ಲ ಹೊರಗೆ ಹಾಕಿ, ಹೇಳಿದ ಒಂದೇ ಗುಂಪಿನಲ್ಲಿ ಕೂರಿಸುತ್ತೆ. ‘ಖಚಿತವೇ?’ ಅಂತ ಕೇಳೋದೂ ಇಲ್ಲ.

ನಮ್ಮಲ್ಲಿ ಇದೂ ಆಯಿತು. ಅಡ್ಮಿನ್ ಆಗಿದ್ದವರೇ ತಮ್ಮನ್ನು ಸಂಚಿಕೆ ಗುಂಪಿಗೆ ಸೇರಿಸಿಕೊಳ್ಳಲು ಹೋಗಿ ಎ ಬಿಟ್ಟರು. ‘ಸುಡೋ’ ಗುಂಪಿನಿಂದ ತಾವೇ ಆಚೆ ಬಂದರು. ಬೇರೆ ಅಡ್ಮಿನ್ ಇರಲಿಲ್ಲ. ಹೀಗಾದರೆ ಗಾಬರಿಯಲ್ಲಿ ಆ ಟರ್ಮಿನಲ್ ಮುಚ್ಚಬೇಡಿ. ಗುಂಪಿನ ಬದಲಾವಣೆ ಜಾರಿಗೆ ಬರುವುದು ಮುಂದಿನ ಲಾಗಿನ್‌ನಲ್ಲಿ, ಹಾಗಾಗಿ ತೆರೆದಿರುವ ಟರ್ಮಿನಲ್‌ನಲ್ಲಿ ಸಾಮಾನ್ಯವಾಗಿ ಸುಡೋ ಇನ್ನೂ ನಡೆಯುತ್ತೆ, ಅಲ್ಲೇ ಸರಿಮಾಡಿ. ನಾವು ಮುಚ್ಚಿಬಿಟ್ಟಿದ್ದೆವು. ಗ್ರಬ್ ಮೆನುವಿನಿಂದ ರಿಕವರಿ ಮೋಡ್‌ಗೆ ಹೋಗಿ, ರೂಟ್ ಆಗಿ ಸರಿಮಾಡಬೇಕಾಯಿತು.

ಉಬುಂಟುವಿನಲ್ಲಿ ಇದಕ್ಕಿಂತ ನಿಶ್ಚಿಂತೆಯ ದಾರಿ ಇದೆ. ಸೇರಿಸೋಕೆ, ತೆಗೆಯೋಕೆ:

ಸುಡೋ ಆಡ್‌ಯೂಸರ್ ಪುಟ್ಟಿ ಸಂಚಿಕೆ
ಸುಡೋ ಡೆಲ್‌ಯೂಸರ್ ಪುಟ್ಟಿ ಸಂಚಿಕೆ

ಮೊದಲು ಹೆಸರು, ಆಮೇಲೆ ಗುಂಪು. ಎರಡನೇ ಆಜ್ಞೆಯಲ್ಲಿ ಗುಂಪಿನ ಹೆಸರು ಮರೆತರೆ ಖಾತೆಯನ್ನೇ ಅಳಿಸುತ್ತೆ, ಎಂಟರ್ ಒತ್ತುವ ಮುಂಚೆ ಒಮ್ಮೆ ಓದಿ. ಸೇರಿಸಿದ ಮೇಲೆ ಪುಟ್ಟಿ ಲಾಗೌಟ್ ಆಗಿ ಮತ್ತೆ ಬರಬೇಕು. ‘ಸೇರಿಸಿದ್ರೂ ಫೋಲ್ಡರ್ ಓಪನ್ ಆಗ್ತಿಲ್ಲ’ ಅನ್ನೋ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಇದೇ ಉತ್ತರ.

ಗುಂಪಿನ ಫೋಲ್ಡರ್

ಪೇಟೆ ಆಯಿತು, ಈಗ ಅಂಗಡಿ. ಹಂಚಿಕೊಳ್ಳುವ ಕೆಲಸವನ್ನು ಯಾರ ಹೋಮ್ ಡೈರೆಕ್ಟರಿಯಲ್ಲೂ ಇಡಬಾರದು, ಅದಕ್ಕೆ ಬೇರೆ ಜಾಗ ಬೇಕು. ನಾವು ‘ಎಸ್‌ಆರ್‌ವಿ’ ಡೈರೆಕ್ಟರಿಯಲ್ಲಿ ಮಾಡಿದೆವು:

ಸುಡೋ ಎಂಕೆಡಿಐಆರ್ /ಎಸ್‌ಆರ್‌ವಿ/ಕರಡು
ಸುಡೋ ಸಿಎಚ್‌ಜಿಆರ್‌ಪಿ ಸಂಚಿಕೆ /ಎಸ್‌ಆರ್‌ವಿ/ಕರಡು
ಸುಡೋ ಸಿಎಚ್‌ಮಾಡ್ 2770 /ಎಸ್‌ಆರ್‌ವಿ/ಕರಡು

2770 ಅನ್ನು ಬಿಡಿಸಿ ನೋಡೋಣ. ಓದುವುದಕ್ಕೆ 4, ಬರೆಯುವುದಕ್ಕೆ 2, ಒಳಗೆ ಹೋಗುವುದಕ್ಕೆ 1, ಕೂಡಿದರೆ 7. ಮೊದಲ 7 ಮಾಲೀಕರಿಗೆ, ಎರಡನೇ 7 ಗುಂಪಿಗೆ, 0 ಉಳಿದವರಿಗೆ. ಮುಂದಿರುವ 2ಕ್ಕೆ ಸೆಟ್‌ಜಿಐಡಿ ಅಂತಾರೆ. ಈ ಫೋಲ್ಡರಿನಲ್ಲಿ ಯಾರು ಹೊಸ ಫೈಲ್ ಮಾಡಿದರೂ ಅದು ಸಂಚಿಕೆ ಗುಂಪಿಗೇ ಸೇರುವ ಹಾಗೆ ಇದು ನೋಡಿಕೊಳ್ಳುತ್ತೆ. ಇಲ್ಲದಿದ್ದರೆ ಪುಟ್ಟಿ ಮಾಡಿದ ಫೈಲ್ ಪುಟ್ಟಿಯ ಸ್ವಂತ ಗುಂಪಿನದಾಗಿ, ಪುಟ್ಟ ತಿದ್ದೋಕೆ ಆಗಲ್ಲ.

ಇನ್ನೊಂದು ಪರೀಕ್ಷೆ: ‘ಯೂಮಾಸ್ಕ್’ ಅಂತ ಹೊಡೀರಿ. 0002 ಬಂದರೆ ಹೊಸ ಫೈಲನ್ನು ಗುಂಪಿನವರು ತಿದ್ದಬಹುದು. 0022 ಬಂದರೆ ಓದಬಹುದು ಅಷ್ಟೇ. ಆಗ ಪ್ರತಿಯೊಬ್ಬರ ಡಾಟ್ ಪ್ರೊಫೈಲ್ ಕಡತದಲ್ಲಿ ‘ಯೂಮಾಸ್ಕ್ 002’ ಅಂತ ಸೇರಿಸಬೇಕು.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯ ಇದೆ. ಫೈಲ್ ಅಳಿಸುವ ಹಕ್ಕು ಫೈಲಿನ ಅನುಮತಿಯಲ್ಲಿ ಇಲ್ಲ, ಅದು ಇರುವ ಫೋಲ್ಡರಿನ ಅನುಮತಿಯಲ್ಲಿದೆ. ಪುಟ್ಟಿ ತನ್ನ ಫೈಲನ್ನು ಯಾರೂ ತಿದ್ದದ ಹಾಗೆ ಭದ್ರ ಮಾಡಿದರೂ, ಫೋಲ್ಡರಿನಲ್ಲಿ ಬರೆಯುವ ಹಕ್ಕಿರುವ ಪುಟ್ಟ ಅದನ್ನು ಅಳಿಸಬಲ್ಲ. ಇದನ್ನು ತಡೆಯೋಕೆ ಸ್ಟಿಕಿ ಬಿಟ್ ಇದೆ, ಅದರ ಬೆಲೆ 1. ಸೆಟ್‌ಜಿಐಡಿಯ 2ಕ್ಕೆ ಕೂಡಿದರೆ 3. ತಿದ್ದಿ ಮುಗಿಸಿದ ಬರಹಗಳಿಗೆ ‘ಅಂತಿಮ’ ಅಂತ ಇನ್ನೊಂದು ಫೋಲ್ಡರನ್ನು ಹೀಗೇ ಕಟ್ಟಿ, ಅದೇ ಗುಂಪಿಗೆ ಕೊಟ್ಟು, ಕೊನೆಗೆ ಇದನ್ನು ಹಾಕಿ:

ಸುಡೋ ಸಿಎಚ್‌ಮಾಡ್ 3770 /ಎಸ್‌ಆರ್‌ವಿ/ಅಂತಿಮ

ಇಲ್ಲಿ ಎಲ್ಲರೂ ತಂದು ಇಡಬಹುದು. ಆದರೆ ಒಂದು ಫೈಲನ್ನು ಅಳಿಸಬಲ್ಲವರು ಅದರ ಮಾಲೀಕರು, ಫೋಲ್ಡರಿನ ಮಾಲೀಕರು ಮತ್ತು ರೂಟ್ ಮಾತ್ರ. ಎರಡಕ್ಕೂ 3770 ಯಾಕೆ ಹಾಕಬಾರದು ಅಂದರೆ, ಕೆಲವು ಎಡಿಟರ್‌ಗಳು ಹಳೇ ಫೈಲನ್ನು ತೆಗೆದು ಹೊಸದನ್ನು ಅದರ ಜಾಗಕ್ಕೆ ತಂದು ಸೇವ್ ಮಾಡುತ್ತವೆ. ಬೇರೆಯವರ ಫೈಲ್ ತಿದ್ದುವಾಗ ಅವು ಮುಗ್ಗರಿಸುತ್ತವೆ. ಕರಡಿಗೆ 2770, ಅಂತಿಮಕ್ಕೆ 3770, ಜೊತೆಗೆ ಬೇರೆ ಡಿಸ್ಕಿನಲ್ಲಿ ಬ್ಯಾಕಪ್. ನಮ್ಮ ಆ ಸ್ಕ್ರಿಪ್ಟ್ ಈಗ ಯಾರದ್ದೋ ಒಬ್ಬರ ಖಾತೆಯಲ್ಲಿ ಹುಚ್ಚೆದ್ದು ಓಡಿದರೂ ಅವರ ಅಂಗಳ ಮಾತ್ರ ಖಾಲಿ ಆಗುತ್ತೆ, ಸಂಚಿಕೆ ಉಳಿಯುತ್ತೆ.

ಪಾಸ್ ಆಗಿ ಹೋಗುವವರು

ಕಾಲೇಜಿನ ಸಂಘ ಅಂದರೆ ಪ್ರತಿ ವರ್ಷ ಒಂದು ತಂಡ ಹೋಗುತ್ತೆ, ಇನ್ನೊಂದು ಬರುತ್ತೆ. ಹೋಗುವವರ ಮೇಲೆ ಪ್ರೀತಿ ಇರಲಿ, ಬೀಗದ ಕೈ ಮಾತ್ರ ವಾಪಸ್ ಇಸಿದುಕೊಳ್ಳಿ. ಕೊನೆಯ ವರ್ಷದವರ ಖಾತೆಗೆ ಮೊದಲೇ ದಿನಾಂಕ ಹಾಕಿಡಬಹುದು:

ಸುಡೋ ಸಿಎಚ್‌ಏಜ್ -ಇ 2027-06-30 ಪುಟ್ಟಿ

ಇಲ್ಲಿ ಇ ದೊಡ್ಡ ಅಕ್ಷರ. ಆ ದಿನಾಂಕ ಬಂದ ಮೇಲೆ ಲಾಗಿನ್ ಆಗಲ್ಲ, ಫೈಲುಗಳು ಹಾಗೇ ಇರುತ್ತವೆ. ‘ಪಾಸ್‌ಡಬ್ಲ್ಯೂಡಿ -ಎಲ್’ ಹಾಕಿ ಪಾಸ್‌ವರ್ಡಿಗೆ ಬೀಗ ಹಾಕೋದೂ ಉಂಟು. ಆದರೆ ಅದು ಪಾಸ್‌ವರ್ಡಿಗೆ ಮಾತ್ರ. ಎಸ್‌ಎಸ್‌ಎಚ್ ಕೀ ಇಟ್ಟುಕೊಂಡವರು ಆಗಲೂ ಒಳಗೆ ಬರಬಹುದು. ಪೂರ್ತಿ ಬಾಗಿಲು ಹಾಕೋಕೆ ದಿನಾಂಕವೇ ಸರಿ.

ಖಾತೆಯನ್ನು ಕೂಡಲೇ ಅಳಿಸೋಕೆ ಹೋಗಬೇಡಿ. ಫೈಲಿನ ಮೇಲೆ ಬರೆದಿರುವುದು ಹೆಸರಲ್ಲ, ಸಂಖ್ಯೆ ಅಂತ ಆಗಲೇ ಹೇಳಿದೆವಲ್ಲ? ಪುಟ್ಟಿಯ ಸಂಖ್ಯೆ 1003 ಅಂದುಕೊಳ್ಳಿ. ಅವಳ ಖಾತೆ ಅಳಿಸಿದರೂ ಎಸ್‌ಆರ್‌ವಿಯಲ್ಲಿ ಅವಳು ಬರೆದ ಫೈಲುಗಳ ಮೇಲೆ 1003 ಉಳಿದಿರುತ್ತೆ. ಜುಲೈನಲ್ಲಿ ಹೊಸಬರಿಗೆ ಖಾತೆ ತೆರೆದಾಗ ಖಾಲಿಯಿರುವ ಅದೇ 1003 ಸಿಗಬಹುದು. ಆಗ ಪುಟ್ಟಿಯ ಫೈಲುಗಳಿಗೆಲ್ಲ ಅವರೇ ಮಾಲೀಕರು! ಅಳಿಸಲೇಬೇಕಾದರೆ ಮೊದಲು ಅವಳ ಹೆಸರಿನಲ್ಲಿ ಏನೇನಿದೆ ಹುಡುಕಿ, ಬೇರೆಯವರಿಗೆ ಒಪ್ಪಿಸಿ:

ಸುಡೋ ಫೈಂಡ್ / -ಯೂಸರ್ ಪುಟ್ಟಿ

ಅಳಿಸಿದ ಮೇಲೆ ಅನಾಥ ಫೈಲುಗಳು ಉಳಿದಿವೆಯಾ ನೋಡೋಕೆ ‘-ಯೂಸರ್ ಪುಟ್ಟಿ’ ಬದಲು ‘-ನೋಯೂಸರ್’ ಹಾಕಿ.

ವರ್ಷಕ್ಕೊಮ್ಮೆ ಗುಂಪುಗಳನ್ನೂ ನೋಡಿ:

ಗೆಟ್‌ಇಎನ್‌ಟಿ ಗ್ರೂಪ್ ಸಂಚಿಕೆ

ಸದಸ್ಯರ ಪಟ್ಟಿ ಬರುತ್ತೆ. ಬಳೇಪೇಟೆಯಲ್ಲಿ ಇವತ್ತು ವೀಣೆ, ತಬಲ ಮಾರುವ ಅಂಗಡಿಗಳೂ ಇವೆ, ಹೆಸರು ಮಾತ್ರ ಬಳೇಪೇಟೆ. ಊರಿಗೆ ಅದು ಚೆಂದ. ಕಂಪ್ಯೂಟರಿಗೆ ಚೆಂದವಲ್ಲ. ಎರಡು ವರ್ಷದಿಂದ ನಾಟಕ ಮಾಡದವರು ನಾಟಕದ ಗುಂಪಿನಲ್ಲಿ ಇರಬೇಕಿಲ್ಲ.

ಸುಡೋ ಯಾರಿಗೆ?

ಇಬ್ಬರಿಗೆ. ಒಬ್ಬರಿಗೇ ಕೊಟ್ಟರೆ ನಮ್ಮ ಹಾಗೆ ‘ಎ’ ಮರೆತ ದಿನ ಪರದಾಟ. ಎಲ್ಲರಿಗೂ ಕೊಟ್ಟರೆ ಇಷ್ಟು ಹೊತ್ತು ಮಾಡಿದ್ದೆಲ್ಲ ವ್ಯರ್ಥ, ಸುಡೋ ಇದ್ದವರಿಗೆ ಯಾವ ಫೋಲ್ಡರೂ ಅಡ್ಡವಲ್ಲ. ಉಬುಂಟುವಿನಲ್ಲಿ ಸುಡೋ ಮೂಲಕ ಕೊಟ್ಟ ಆಜ್ಞೆಗಳು, ಕೊಟ್ಟವರ ಹೆಸರಿನ ಸಮೇತ, ‘ವಾರ್’ ಡೈರೆಕ್ಟರಿಯ ‘ಲಾಗ್’ ಒಳಗಿನ ‘ಆಥ್ ಡಾಟ್ ಲಾಗ್’ ಕಡತದಲ್ಲಿ ದಾಖಲಾಗುತ್ತವೆ. ಒಬ್ಬೊಬ್ಬರಿಗೂ ಅವರವರ ಖಾತೆ ಇದ್ದಾಗಲೇ ಆ ದಾಖಲೆಗೆ ಬೆಲೆ.

ಮಾಡಿ ನೋಡಿ

ನಿಮ್ಮ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಮಾಡಬೇಡಿ. ವರ್ಚುವಲ್ ಮೆಷಿನ್ ಒಂದರಲ್ಲಿ ಮಾಡಿ.

1. ಪುಟ್ಟಿ, ಪುಟ್ಟ ಇಬ್ಬರಿಗೂ ಖಾತೆ ತೆರೆದು, ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸಿ.
2. ಮೊದಲು 0770, ಆಮೇಲೆ 2770 ಹಾಕಿ, ಎರಡು ಸಲವೂ ಪುಟ್ಟಿಯಿಂದ ಫೈಲ್ ಮಾಡಿಸಿ. ‘ಎಲ್‌ಎಸ್ -ಎಲ್’ ಹೊಡೆದು ಗುಂಪಿನ ಹೆಸರು ಹೋಲಿಸಿ.
3. ಪುಟ್ಟನಾಗಿ ಲಾಗಿನ್ ಆಗಿ ಪುಟ್ಟಿಯ ಫೈಲ್ ಅಳಿಸಿ ನೋಡಿ. 3770 ಹಾಕಿ ಮತ್ತೆ ನೋಡಿ.
4. ಬೇಕಂತಲೇ ‘ಎ’ ಬಿಟ್ಟು ಯೂಸರ್‌ಮಾಡ್ ಕೊಡಿ. ಸುಡೋ ಕಳೆದುಕೊಳ್ಳಿ. ವಾಪಸ್ ಪಡೆಯಿರಿ. ಈ ತಪ್ಪನ್ನು ವರ್ಚುವಲ್ ಮೆಷಿನ್‌ನಲ್ಲಿ ಒಮ್ಮೆ ಮಾಡಿದವರು ನಿಜವಾದ ಸರ್ವರ್‌ನಲ್ಲಿ ಮಾಡುವುದು ಕಡಿಮೆ.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸಂಘದ ಕೋಣೆಗೆ ಬನ್ನಿ. ಸುಡೋ ಇರುವ ಇಬ್ಬರಲ್ಲಿ ಒಬ್ಬ ಸಂಜೆ ಅಲ್ಲೇ ಇರುತ್ತಾನೆ. ಚಿಕ್ಕಪೇಟೆಯ ಹುಡುಗ. ಈಗ ಮೂರನೇ ವರ್ಷ. ಈ ಪಾಠದ ಆಜ್ಞೆಗಳನ್ನೆಲ್ಲ ಒಂದೊಂದಾಗಿ ಓಡಿಸಿ ನೋಡಿ, ಎರಡು ತಪ್ಪು ಹಿಡಿದು ತಿದ್ದಿಕೊಟ್ಟವನೂ ಅವನೇ.